ಹೇಳಿದ್ದೆಲ್ಲ ಆಯಿತು, ಕೂಸಿನ ತೂಕ ಮಾತ್ರ ಏರಲಿಲ್ಲ

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಒಂಬತ್ತು ವರ್ಷಗಳಿಂದ ಆಶಾ ಕಾರ್ಯಕರ್ತೆ. ನನ್ನ ವ್ಯಾಪ್ತಿಯಲ್ಲಿ ಹತ್ತು ತಿಂಗಳ ಒಂದು ಹೆಣ್ಣುಮಗುವಿದೆ. ಹುಟ್ಟಿದಾಗ 2.6 ಕೆ.ಜಿ. ಇದ್ದ ಕೂಸು ಆರನೇ ತಿಂಗಳಿಗೆ 6 ಕೆ.ಜಿ. ಆಗಿತ್ತು. ಎಂಟನೇ ತಿಂಗಳಲ್ಲಿ 6.3, ಈಗ 6.4. ತೋಳಿನ ಸುತ್ತಳತೆ 12.1 ಸೆಂ.ಮೀ. ಹೋದಾಗಲೆಲ್ಲ ಸೊಪ್ಪು, ಬೇಳೆ, ಮೊಟ್ಟೆ, ಹಣ್ಣು ಕೊಡಿ ಎಂದು ಹೇಳುತ್ತೇನೆ. ತಾಯಿ 'ಆತ್ರೀ ಅಕ್ಕಾ' ಎನ್ನುತ್ತಾಳೆ. ಅತ್ತೆ 'ನಮ್ಮ ಮನ್ಯಾಗ ಎಲ್ಲಾರೂ ತೆಳ್ಳಗ, ಕೂಸು ಹಾಲು ಕುಡಿತೈತಿ, ಸಾಕು' ಎನ್ನುತ್ತಾರೆ. ಬಾಲಗ್ರಹ ಎಂದು ದಾರ ಕಟ್ಟಿಸಿಕೊಂಡು ಬಂದಿದ್ದಾರೆ. ಔಷಧದ ಅಂಗಡಿಯವರ ಮಾತು ಕೇಳಿ ದುಬಾರಿ ಡಬ್ಬಿಯ ಪುಡಿಯನ್ನೂ ತಂದಿದ್ದಾರೆ. ನಾನು ಇನ್ನೇನು ಹೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ತೂಕಗಳಿವೆ, ಒಂದು ತೋಳಿನ ಅಳತೆಯಿದೆ, ಅತ್ತೆಯ ಮಾತು ಅವರದೇ ದನಿಯಲ್ಲಿದೆ. ಇಷ್ಟು ಅಚ್ಚುಕಟ್ಟಾಗಿ ಬರೆದ ಪ್ರಶ್ನೆ ನನಗೆ ಬರುವುದು ಅಪರೂಪ. ಆದರೆ ಆ ಮಗು ನಿನ್ನೆ ಏನು ತಿಂದಿತು, ಎಷ್ಟು ತಿಂದಿತು, ಯಾರ ಕೈಯಿಂದ ತಿಂದಿತು ಎಂಬ ಮಾತು ಅದರಲ್ಲಿಲ್ಲ. ಆದ್ದರಿಂದ 'ಇನ್ನೇನು ಹೇಳಬೇಕು' ಎಂಬುದಕ್ಕೆ ನನ್ನ ಉತ್ತರ ಇಷ್ಟೆ: ಸದ್ಯಕ್ಕೆ ಹೇಳುವುದನ್ನು ನಿಲ್ಲಿಸಿ, ಒಂದು ಊಟದ ಹೊತ್ತು ಆ ಮನೆಯಲ್ಲಿ ಕುಳಿತು ನೋಡಿ. ಮುಂದೆ ಬರೆಯುವುದೆಲ್ಲ ಏನನ್ನು ನೋಡಬೇಕು, ನೋಡಿದ ಮೇಲೆ ಏನು ಮಾಡಬೇಕು ಎಂಬುದರ ವಿವರ.

ಮೊದಲು ಅಂಕಿಗಳನ್ನು ಓದೋಣ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಹೊರತಂದ ಬೆಳವಣಿಗೆಯ ಮಾನದಂಡವೇ 'ತಾಯಿ ಕಾರ್ಡ್' ಎಂಬ ತಾಯಿ-ಮಗುವಿನ ಆರೋಗ್ಯ ದಾಖಲೆಯಲ್ಲಿರುವ ನಕ್ಷೆಗೂ ಅಂಗನವಾಡಿಯ ನಕ್ಷೆಗೂ ಆಧಾರ. ಅದರ ಪ್ರಕಾರ ಹೆಣ್ಣುಮಗುವಿನ ತೂಕ ಆರನೇ ತಿಂಗಳಲ್ಲಿ 5.7 ಕೆ.ಜಿ.ಗಿಂತ, ಎಂಟನೇ ತಿಂಗಳಲ್ಲಿ 6.3 ಕೆ.ಜಿ.ಗಿಂತ, ಹತ್ತನೇ ತಿಂಗಳಲ್ಲಿ 6.7 ಕೆ.ಜಿ.ಗಿಂತ ಕೆಳಗಿದ್ದರೆ ಕಡಿಮೆ ತೂಕವೆಂದು ಲೆಕ್ಕ. ನಿಮ್ಮ ಕೂಸು ಆರನೇ ತಿಂಗಳಲ್ಲಿ ಈ ಗೆರೆಗಿಂತ ಮೇಲಿತ್ತು, ಎಂಟರಲ್ಲಿ ಸರಿಯಾಗಿ ಗೆರೆಗೆ ತಾಗಿ ಕುಳಿತಿತ್ತು, ಹತ್ತರಲ್ಲಿ ಕೆಳಗಿಳಿದಿದೆ. ನಕ್ಷೆಯಲ್ಲಿ ಕಡಿಮೆ ತೂಕ ಸೂಚಿಸುವ ಹಳದಿ ಬಣ್ಣಕ್ಕೆ ಬಂದದ್ದು ಈ ತಿಂಗಳಾದರೂ ಜಾರಲು ಶುರುವಾದದ್ದು ನಾಲ್ಕು ತಿಂಗಳ ಹಿಂದೆ. 'ನಮ್ಮ ಮನೆಯಲ್ಲಿ ಎಲ್ಲರೂ ತೆಳ್ಳಗೆ' ಎಂಬ ಅತ್ತೆಯ ಮಾತಿಗೂ ಉತ್ತರ ಇಲ್ಲೇ ಇದೆ. ವಂಶದಿಂದ ಸಣ್ಣಗಿರುವ ಮಗು ಕೆಳಗಿನ ಗೆರೆಯ ಪಕ್ಕದಲ್ಲೇ, ಆದರೆ ಗೆರೆಗೆ ಸಮಾನಾಂತರವಾಗಿ ಏರುತ್ತದೆ. ಆ ಕೆಳಗಿನ ಗೆರೆಯೂ ಆರರಿಂದ ಹತ್ತನೇ ತಿಂಗಳೊಳಗೆ ಒಂದು ಕೆ.ಜಿ. ಏರುತ್ತದೆ. ಈ ಮಗು ಏರಿದ್ದು ನಾನೂರು ಗ್ರಾಂ. ನಕ್ಷೆಯಲ್ಲಿ ಚುಕ್ಕೆ ಯಾವ ಬಣ್ಣದಲ್ಲಿದೆ ಎಂಬುದಕ್ಕಿಂತ ಚುಕ್ಕೆಗಳನ್ನು ಸೇರಿಸಿದ ಗೆರೆ ಯಾವ ಕಡೆ ತಿರುಗಿದೆ ಎಂಬುದನ್ನು ನೋಡಿದ್ದರೆ ಎಂಟನೇ ತಿಂಗಳಲ್ಲೇ ಎಚ್ಚರವಾಗುತ್ತಿತ್ತು. ಇದು ನಿಮ್ಮ ಮೇಲಿನ ಆಕ್ಷೇಪವಲ್ಲ. ನಾವು ತರಬೇತಿಯಲ್ಲಿ ಬಣ್ಣವನ್ನೇ ಕಲಿಸಿದ್ದೇವೆ, ಗೆರೆಯನ್ನು ಕಲಿಸಿದ್ದು ಕಡಿಮೆ.

ಅಳತೆಯ ಬಗ್ಗೆ ಒಂದು ಮಾತು. ಬಹಳ ವರ್ಷಗಳ ಹಿಂದೆ ಒಂದು ಕೇಂದ್ರದಲ್ಲಿ ಮಕ್ಕಳೆಲ್ಲ ಒಂದೇ ತಿಂಗಳಲ್ಲಿ ದಿಢೀರನೆ ಸುಧಾರಿಸಿದ್ದನ್ನು ಕಂಡು ನಾನು ಖುಷಿಪಟ್ಟು ವರದಿ ಬರೆದಿದ್ದೆ. ತೊಲೆಗೆ ನೇತುಹಾಕಿದ, ಗಡಿಯಾರದಂಥ ಮುಖವಿರುವ ಆ ತಕ್ಕಡಿಯ ಮುಳ್ಳು ಖಾಲಿ ಚೀಲಕ್ಕೇ ಮುನ್ನೂರು ಗ್ರಾಂ ತೋರಿಸುತ್ತಿತ್ತು ಎಂಬುದು ಮರುತಿಂಗಳು ಗೊತ್ತಾಯಿತು. ವರದಿ ಮಾತ್ರ ಅಷ್ಟರಲ್ಲಿ ಮೇಲಿನವರೆಗೆ ಹೋಗಿಬಿಟ್ಟಿತ್ತು. ಅಂದಿನಿಂದ ನಾನು ಹೋದಲ್ಲೆಲ್ಲ ಒಂದು ಕೆ.ಜಿ. ಉಪ್ಪಿನ ಪೊಟ್ಟಣವನ್ನು ಮೊದಲು ತೂಗಿಸುತ್ತೇನೆ. ನೀವೂ ಹಾಗೆ ಮಾಡಿ, ನಾಲ್ಕೂ ತೂಕಗಳನ್ನು ಒಂದೇ ತಕ್ಕಡಿಯಲ್ಲಿ ತೆಗೆದದ್ದೇ ಎಂದು ಅಂಗನವಾಡಿ ಟೀಚರನ್ನು ಕೇಳಿ. ತೋಳಿನ ಪಟ್ಟಿಯನ್ನು ಎಡತೋಳಿಗೆ, ಭುಜದ ತುದಿ ಮತ್ತು ಮೊಣಕೈ ತುದಿಗಳ ನಡುಮಧ್ಯಕ್ಕೆ, ಕೈ ಸಡಿಲವಾಗಿ ಇಳಿಬಿದ್ದಿರುವಾಗ, ಚರ್ಮ ಒತ್ತದಂತೆ ಸುತ್ತಬೇಕು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ, 11.5ರಿಂದ 12.5ರೊಳಗೆ ಬಂದರೆ ಮಧ್ಯಮ. ನಿಮ್ಮ 12.1 ಮಧ್ಯಮದಲ್ಲಿದೆ. ಅಂದರೆ ಮನೆಯಲ್ಲೇ ಸರಿಪಡಿಸಲು ಇನ್ನೂ ಕಾಲವಿದೆ, ಆದರೆ ನಿಮ್ಮ ನಿಗದಿತ ಹನ್ನೆರಡನೇ ತಿಂಗಳ ಭೇಟಿಯವರೆಗೆ ಕಾಯುವಷ್ಟಿಲ್ಲ.

ಆರು ತಿಂಗಳವರೆಗೆ ಚೆನ್ನಾಗಿದ್ದ ಕೂಸು ಆಮೇಲೆ ಏಕೆ ನಿಂತಿತು? ತಾಯಿಯ ಹಾಲು ಅಲ್ಲಿಯವರೆಗೆ ಪೂರ್ತಿ ಆಹಾರ; ಅದಾದ ಮೇಲೆಯೂ ಅದು ಒಳ್ಳೆಯ ಆಹಾರವೇ, ಆದರೆ ಅದೊಂದೇ ಸಾಲದು. ಒಂಬತ್ತರಿಂದ ಹನ್ನೊಂದನೇ ತಿಂಗಳಲ್ಲಿ ಎದೆಹಾಲಿನ ಜೊತೆಗೆ ದಿನಕ್ಕೆ ಸುಮಾರು 300 ಕ್ಯಾಲೊರಿ ಮೇಲುಣಿಸಿನಿಂದ, ಅಂದರೆ ಎದೆಹಾಲಿನ ಹೊರತಾದ ಊಟದಿಂದ, ಬರಬೇಕು; ವರ್ಷ ದಾಟಿದ ಮೇಲೆ ಅದು ಸುಮಾರು 550 ಆಗುತ್ತದೆ. ಹುಟ್ಟುವಾಗ ಮಗು ಹೊತ್ತುತಂದ ಕಬ್ಬಿಣದ ದಾಸ್ತಾನು ಕೂಡ ಆರು ತಿಂಗಳ ಹೊತ್ತಿಗೆ ಮುಗಿಯುತ್ತ ಬರುತ್ತದೆ, ಎದೆಹಾಲಿನಲ್ಲಿ ಕಬ್ಬಿಣ ತೀರ ಕಡಿಮೆ. ನಮ್ಮ ಹಳ್ಳಿಗಳಲ್ಲಿ ಅತಿ ಹೆಚ್ಚು ಮಕ್ಕಳು ಜಾರುವುದು ಈ ಆರರಿಂದ ಹದಿನೆಂಟು ತಿಂಗಳ ನಡುವೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಆರರಿಂದ ಇಪ್ಪತ್ಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಆಹಾರ ಪಡೆಯುತ್ತಿದ್ದವರು ದೇಶದಲ್ಲಿ ನೂರಕ್ಕೆ 11.3 ಮಂದಿ ಮಾತ್ರ. ಈ ಅಂಕಿ ಬಡವರ ಮನೆಗಳಿಗಷ್ಟೇ ಸೇರಿದ್ದಲ್ಲ. ಎಮ್ಮೆ ಕಟ್ಟಿದ, ಕಣಜ ತುಂಬಿದ ಮನೆಗಳಲ್ಲಿಯೂ ಹತ್ತು ತಿಂಗಳ ಕೂಸಿನ ಬಟ್ಟಲಿನಲ್ಲಿ ತಿಳಿಸಾರೇ ಇರುತ್ತದೆ.

ಆ ಬಟ್ಟಲನ್ನು ನಾನು ಹತ್ತಿರದಿಂದ ಕಂಡದ್ದು ನಿಮ್ಮಂಥದೇ ಒಬ್ಬ ಆಶಾ ಕಾರ್ಯಕರ್ತೆಯ ಜೊತೆ ಹೋದಾಗ. 'ದಿನಕ್ಕೆ ಮೂರು ಸಲ ಅನ್ನ-ಬೇಳೆ ಕೊಡುತ್ತೇನೆ' ಎಂದಳು ತಾಯಿ, ಕಾರ್ಯಕರ್ತೆ ಪುಸ್ತಕದಲ್ಲಿ ಗುರುತು ಹಾಕಲು ಪೆನ್ನು ತೆಗೆದಳು. 'ಈಗ ಉಣಿಸುವ ಹೊತ್ತೇ ಅಲ್ಲವೇ, ಉಣಿಸಮ್ಮ, ನಾವು ಕೂತಿರುತ್ತೇವೆ' ಎಂದೆ. ತಾಯಿ ಸ್ಟೀಲ್ ಲೋಟದಲ್ಲಿ ನಾಲ್ಕು ಅಗುಳು ಅನ್ನ ಹಿಸುಕಿ, ಪಾತ್ರೆಯ ತಳದ ಬೇಳೆಯನ್ನು ಕಲಕದೆ ಮೇಲಿನ ತಿಳಿಯನ್ನು ಸೌಟಿನಿಂದ ಹುಷಾರಾಗಿ ತೆಗೆದು ಹುಯ್ದಳು. ಕಲಕದಿರಲು ಕಾರಣವಿತ್ತು: ಗಟ್ಟಿ ಬೇಳೆ ಕೂಸಿಗೆ ಜೀರ್ಣವಾಗುವುದಿಲ್ಲ, ಗಂಟಲಿಗೆ ಸಿಗುತ್ತದೆ ಎಂದು ಅವಳ ತಾಯಿ ಹೇಳಿಕೊಟ್ಟಿದ್ದಳು. ಕೂಸು ಅದನ್ನು ಕುಡಿಯಿತು, ತಿನ್ನಲಿಲ್ಲ, ಕುಡಿಯಿತು. ಎರಡು ನಿಮಿಷದಲ್ಲಿ ಹೊಟ್ಟೆ ತುಂಬಿ ಮುಖ ತಿರುಗಿಸಿತು. ಅವಳು ಹೇಳಿದ್ದು ಸುಳ್ಳಲ್ಲ. ಮೂರು ಸಲವೂ ನಿಜ, ಅನ್ನವೂ ನಿಜ, ಬೇಳೆಯೂ ನಿಜ.

ಲೆಕ್ಕ ಹಾಕಿ ನೋಡಿ. ಈ ವಯಸ್ಸಿನ ಮಗುವಿನ ಹೊಟ್ಟೆ ಒಂದು ಕೆ.ಜಿ. ತೂಕಕ್ಕೆ ಸುಮಾರು 30 ಮಿ.ಲೀ. ಹಿಡಿಯುತ್ತದೆ. ನಿಮ್ಮ 6.4 ಕೆ.ಜಿ. ಕೂಸಿಗೆ ಒಂದು ಸಲಕ್ಕೆ ಹೆಚ್ಚೆಂದರೆ 190 ಮಿ.ಲೀ. ಅಂಥ ತೆಳು ಅನ್ನ-ಸಾರಿನ 100 ಮಿ.ಲೀ.ನಲ್ಲಿ 30–40 ಕ್ಯಾಲೊರಿಗಿಂತ ಹೆಚ್ಚಿರುವುದಿಲ್ಲ. ಮೂರು ಸಲ ಹೊಟ್ಟೆ ಬಿರಿಯುವಷ್ಟು ಕುಡಿದರೂ 200 ಕ್ಯಾಲೊರಿ ಸುಮಾರು. ಮೇಲಾಗಿ ನೀರಿನಿಂದ ಹೊಟ್ಟೆ ತುಂಬಿದ ಕೂಸು ಎದೆಹಾಲನ್ನೂ ಕಡಿಮೆ ಕುಡಿಯುತ್ತದೆ. ಅದೇ ಅನ್ನ-ಬೇಳೆಯನ್ನು ತಳ ಕಲಕಿ, ಗಟ್ಟಿಯಾಗಿ ಹಿಸುಕಿ, ಒಂದು ಚಹದ ಚಮಚ ಎಣ್ಣೆಯನ್ನೋ ತುಪ್ಪವನ್ನೋ ಬೆರೆಸಿದರೆ 100 ಗ್ರಾಂನಲ್ಲಿ 100 ಕ್ಯಾಲೊರಿಯ ಹತ್ತಿರ ಬರುತ್ತದೆ, ಆ ಒಂದು ಚಮಚ ಎಣ್ಣೆಯೇ 45 ಕ್ಯಾಲೊರಿ. ಆಗ ಅರ್ಧ ಬಟ್ಟಲು ಮೂರು-ನಾಲ್ಕು ಸಲ ಸಾಕು. ಮನೆಯಲ್ಲಿ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ; ಸೌಟನ್ನು ತಳಕ್ಕೆ ಇಳಿಸಬೇಕು. ಗಟ್ಟಿ ಎಂದರೆ ಎಷ್ಟು ಗಟ್ಟಿ ಎಂದು ಬಾಯಲ್ಲಿ ಹೇಳಲಾಗದು. ಚಮಚವನ್ನು ಓರೆ ಮಾಡಿ ತೋರಿಸಿ: ಜಾರಿ ಬಿದ್ದರೆ ತೆಳು, ಅಂಟಿಕೊಂಡು ನಿಂತರೆ ಸರಿ.

ನಿಮ್ಮ ಸೀಮೆಯ ಅಡುಗೆಮನೆಯಲ್ಲಿ ಇದಕ್ಕೆ ಬೇಕಾದ ಸಾಮಾನು ಧಾರಾಳವಾಗಿದೆ. ಬಿಸಿ ಜೋಳದ ರೊಟ್ಟಿಯ ಒಳಪದರವನ್ನು ಬೇಳೆಯ ತಿಳಿ ಕಟ್ಟಿನಲ್ಲಲ್ಲದೆ ಗಟ್ಟಿ ಬೇಳೆಯಲ್ಲೋ ಹಾಲಿನಲ್ಲೋ ನೆನೆಸಿ ಹಿಸುಕಬಹುದು. ಹುರಿದ ಶೇಂಗಾವನ್ನು ನುಣ್ಣಗೆ ಪುಡಿ ಮಾಡಿ (ಕಾಳನ್ನು ಹಾಗೇ ಕೊಡಬಾರದು, ಉಸಿರ್ನಾಳಕ್ಕೆ ಹೋಗುತ್ತದೆ) ಒಂದು ಚಮಚ ಅನ್ನಕ್ಕೆ ಕಲಸಬಹುದು. ಪುಠಾಣಿ ಹಿಟ್ಟಿದೆ. ಬೇಳೆಯ ಜೊತೆಗೇ ಬೆಂದ ಮೆಂತ್ಯೆಯ, ರಾಜಗಿರಿಯ ಎಲೆಗಳಿವೆ, ಕುಂಬಳಕಾಯಿಯಿದೆ. ರಾಗಿ ಸಿಗುವವರಿಗೆ ನಮ್ಮ ದಕ್ಷಿಣದ ಅಜ್ಜಿಯರ ಮೊಳಕೆ ಕಟ್ಟಿದ ರಾಗಿ ಸರಿಗಿಂತ ಜಾಣ ಉಪಾಯವಿಲ್ಲ: ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಗಂಜಿ ಬಿಗಿಯುವುದಿಲ್ಲ, ಅಂದರೆ ಅದೇ ಚಮಚದಲ್ಲಿ ಹೆಚ್ಚು ಆಹಾರ ಹೋಗುತ್ತದೆ. ಅಂಗನವಾಡಿಯಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ಮನೆಗೆ ಬರುವ ಪಡಿತರ ಯಾರ ಹೊಟ್ಟೆಗೆ ಹೋಗುತ್ತಿದೆ ಎಂದೂ ನೋಡಿ. ಅದು ದಿನಕ್ಕೆ 500 ಕ್ಯಾಲೊರಿ ಲೆಕ್ಕದಲ್ಲಿ ಈ ಕೂಸಿನ ಹೆಸರಿಗೇ ಬರುವಂಥದ್ದು. ಮನೆಯ ನಾಲ್ಕು ಮಕ್ಕಳು ಹಂಚಿಕೊಂಡು ಎರಡೇ ದಿನದಲ್ಲಿ ಮುಗಿಯುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ದೊಡ್ಡ ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಅವೂ ಹಸಿದಿರುತ್ತವೆ. ಮುಚ್ಚಳವಿರುವ ಒಂದು ಡಬ್ಬಿಯಲ್ಲಿ ಕೂಸಿನ ಪಾಲನ್ನು ಬೇರೆ ತೆಗೆದಿಡಲು ಅಜ್ಜಿಗೆ ಹೇಳಿದರೆ ಹೆಚ್ಚು ಫಲ ಸಿಗುತ್ತದೆ.

ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆಗಿಂತ ಸುಲಭದ್ದು ಇನ್ನೊಂದಿಲ್ಲ. ಆದರೆ ಅದನ್ನು ಮಂತ್ರದಂತೆ ಸಾರಬೇಡಿ. ಈಕ್ವೆಡಾರ್ ದೇಶದಲ್ಲಿ ದಿನಕ್ಕೊಂದು ಮೊಟ್ಟೆ ಕೊಟ್ಟ ಪ್ರಯೋಗವೊಂದರಲ್ಲಿ ಕುಳ್ಳತನ ಗಣನೀಯವಾಗಿ ಇಳಿದದ್ದು 2017ರಲ್ಲಿ ಪ್ರಕಟವಾಗಿ ಜಗತ್ತೆಲ್ಲ ಸುದ್ದಿಯಾಯಿತು. ಎರಡು ವರ್ಷದ ನಂತರ ಆಫ್ರಿಕದ ಮಲಾವಿಯಲ್ಲಿ ಅದನ್ನೇ ಮಾಡಿದಾಗ ಉದ್ದದಲ್ಲಿ ಅಂತರ ಕಾಣಲಿಲ್ಲ. ಮೊಟ್ಟೆ ತಿನ್ನದ ಮನೆಯಲ್ಲಿ ಆ ಮಾತೆತ್ತಿದರೆ ಉಳಿದ ಮಾತುಗಳಿಗೂ ಬಾಗಿಲು ಮುಚ್ಚುತ್ತದೆ. ಅಲ್ಲಿ ಹಾಲು, ಮೊಸರು, ಬೇಳೆ, ಶೇಂಗಾಗಳ ಮೇಲೆ ನಿಲ್ಲಿ.

ಈಗ ಭೇಟಿಯ ಕ್ರಮಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ. 'ಸೊಪ್ಪು, ಬೇಳೆ, ಮೊಟ್ಟೆ, ಹಣ್ಣು ಕೊಡಿ' ಎಂಬುದು ಕೇಳುವವಳಿಗೆ ನಾಲ್ಕು ಕೆಲಸ, ನಾಲ್ಕು ಖರ್ಚು, ಜೊತೆಗೆ ತಾನು ಒಳ್ಳೆಯ ತಾಯಿಯಲ್ಲ ಎಂಬ ಆರೋಪ. 'ಆತ್ರೀ ಅಕ್ಕಾ' ಎಂಬುದು ಒಪ್ಪಿಗೆಯಲ್ಲ, ನೀವು ಎದ್ದು ಹೋಗಲಿ ಎಂಬ ಸೌಜನ್ಯ. ಅದರ ಬದಲು ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಕೂಸಿನ ಬಾಯಿಗೆ ಏನೇನು ಹೋಯಿತು ಎಂದು ಹೊತ್ತಿನ ಕ್ರಮದಲ್ಲಿ ಕೇಳಿ. 'ಏನು ಕೊಡುತ್ತೀರಿ' ಎಂದು ಕೇಳಿದರೆ ಕೊಡಬೇಕಾದದ್ದರ ಪಟ್ಟಿ ಬರುತ್ತದೆ. 'ನಿನ್ನೆ ಎದ್ದ ಕೂಡಲೇ ಏನು ಕೊಟ್ಟಿರಿ' ಎಂದು ಕೇಳಿದರೆ ಚಹದಲ್ಲಿ ಅದ್ದಿದ ಬಿಸ್ಕತ್ತು ಹೊರಬರುತ್ತದೆ. ಹೊರಬಂದಾಗ ಹುಬ್ಬೇರಿಸಬೇಡಿ. ಆ ದಿನದಲ್ಲಿ ಅವಳು ಸರಿಯಾಗಿ ಮಾಡಿದ ಒಂದನ್ನು ಹುಡುಕಿ ಹೇಳಿ, ಉದಾಹರಣೆಗೆ ಹತ್ತನೇ ತಿಂಗಳಲ್ಲೂ ಎದೆಹಾಲು ಬಿಡಿಸದಿರುವುದು ದೊಡ್ಡದು. ಆಮೇಲೆ ಬದಲಾಯಿಸಬೇಕಾದದ್ದು ಐದು ಕಂಡರೂ ಒಂದನ್ನೇ ಆರಿಸಿ, ಅದನ್ನೂ ಆಕೆಯೇ ಆರಿಸುವಂತೆ ಮಾಡಿ: 'ತಳದ ಬೇಳೆ ಹಾಕುವುದು, ಬೆಳಗಿನ ಬಿಸ್ಕತ್ತಿನ ಬದಲು ರೊಟ್ಟಿ-ಹಾಲು ಕೊಡುವುದು, ಇವೆರಡರಲ್ಲಿ ನಿನಗೆ ಯಾವುದು ಸಲೀಸು?' ಒಪ್ಪಿದ್ದನ್ನು ನೀವಿರುವಾಗಲೇ ಒಂದು ಸಲ ಮಾಡಿಸಿ. ಮೂರು-ನಾಲ್ಕು ದಿನದಲ್ಲಿ, ವಾರ ದಾಟದಂತೆ, ಹತ್ತೇ ನಿಮಿಷಕ್ಕಾದರೂ ಮತ್ತೆ ಹೋಗಿ. ಆಗಲಿಲ್ಲವೆಂದರೆ ಏಕೆ ಆಗಲಿಲ್ಲ ಎಂಬುದೇ ಆ ಭೇಟಿಯ ಗಳಿಕೆ.

ಇಲ್ಲಿ ನಿಯಮಕ್ಕೂ ಕೂಸಿಗೂ ಹೊಂದಾಣಿಕೆಯಿಲ್ಲ ಎಂಬುದು ನನಗೆ ಗೊತ್ತಿದೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರು ಹಳ್ಳಿಯ ಹೆಣ್ಣುಮಕ್ಕಳೇ ಮನೆಗೆ ಹೋಗಿ ನವಜಾತ ಶಿಶುವನ್ನು ಉಳಿಸಬಲ್ಲರೆಂದು ತೋರಿಸಿಕೊಟ್ಟ ಮೇಲೆ, 2011ರಿಂದ ಆಶಾಗಳಿಗೆ ಮೊದಲ 42 ದಿನಗಳಲ್ಲಿ ಆರು ಭೇಟಿಗಳ ಕೆಲಸ ಬಂತು. 2018ರಲ್ಲಿ ಮೂರು, ಆರು, ಒಂಬತ್ತು, ಹನ್ನೆರಡು, ಹದಿನೈದನೇ ತಿಂಗಳ ಐದು ಭೇಟಿಗಳು ಸೇರಿದವು, ಭೇಟಿಗೆ 50 ರೂಪಾಯಿ ಪ್ರೋತ್ಸಾಹಧನ. ಮೂರು ತಿಂಗಳಿಗೊಮ್ಮೆ ಹೋಗುವ ಲೆಕ್ಕದಲ್ಲಿ ಕೂಸು ಒಂಬತ್ತರಿಂದ ಹನ್ನೆರಡರ ನಡುವೆ ಎಷ್ಟು ಬೇಕಾದರೂ ಜಾರಬಹುದು. ನಡುವಿನ ಭೇಟಿಗೆ ಯಾರೂ ದುಡ್ಡು ಕೊಡುವುದಿಲ್ಲ. ಹಾಗಿರುವಾಗ ಎಲ್ಲ ಮನೆಗೂ ಹೆಚ್ಚು ಸಲ ಹೋಗಿ ಎಂದು ನಾನು ಹೇಳಿದರೆ ಅದು ಅನ್ಯಾಯ. ಹತ್ತು ಮನೆಗಳಲ್ಲಿ ಗೆರೆ ಕೆಳಗೆ ತಿರುಗಿದ ಎರಡು ಮನೆಗಳನ್ನು ಆರಿಸಿ, ಉಳಿದ ಎಂಟಕ್ಕೆ ನಿಯಮದಷ್ಟು ಸಾಕು. ಸರ್ಕಾರದ ಪೌಷ್ಟಿಕತೆಯ ಪ್ರಚಾರದ ತಿಂಗಳಾದ ಪೋಷಣ್ ಮಾಸದಲ್ಲಿ ರಂಗೋಲಿ ಬಿಡಿಸಿ, ಇಪ್ಪತ್ತು ಬಗೆಯ ತಿನಿಸು ಜೋಡಿಸಿ, ಫೋಟೊ ತೆಗೆದು ಕಳಿಸುವ ದಿನಗಳು ಈ ಎರಡು ಮನೆಗಳ ಪಾಲಾದರೆ ಕೂಸಿಗೆ ಹೆಚ್ಚು ಲಾಭ ಎಂಬುದು ನನ್ನ ಸ್ವಂತ ಅಭಿಪ್ರಾಯ. ನಿಮ್ಮ ಮೇಲ್ವಿಚಾರಕರು ಒಪ್ಪಲಿಕ್ಕಿಲ್ಲ.

ಯಾರ ಕೈಯಿಂದ ತಿನ್ನುತ್ತದೆ ಎಂಬುದು ಎರಡನೆಯ ಮುಖ್ಯ ಪ್ರಶ್ನೆ. ಹತ್ತಿ ಬಿಡಿಸುವ ಸುಗ್ಗಿಯಲ್ಲಿ ತಾಯಿ ಬೆಳಗ್ಗೆ ಹೊಲಕ್ಕೆ ಹೋದರೆ ಬರುವುದು ಸಂಜೆಗೆ. ಆ ಹತ್ತು ತಾಸಿನಲ್ಲಿ ಕೂಸಿಗೆ ಉಣಿಸುವವರು ಅಜ್ಜಿ, ಇಲ್ಲವೇ ಎಂಟು ವರ್ಷದ ಅಕ್ಕ. ನೀವು ರವಿವಾರ ತಾಯಿಗೆ ಹೇಳಿದ ಪಾಠ ಸೋಮವಾರದಿಂದ ಶನಿವಾರದವರೆಗೆ ಉಣಿಸುವ ಕೈಗೆ ತಲುಪಿಯೇ ಇರುವುದಿಲ್ಲ. ನಿಮ್ಮ ಪತ್ರದಲ್ಲಿ ತಾಯಿ ಕೂಲಿಗೆ ಹೋಗುತ್ತಾಳೋ ಇಲ್ಲವೋ ಎಂದಿಲ್ಲ; ಹೋಗುತ್ತಿದ್ದರೆ ನಿಮ್ಮ ನಿಜವಾದ ಶಿಷ್ಯೆ ಆ ಅತ್ತೆಯೇ. ಬೆಳಗಿನ ಅಡುಗೆಯಲ್ಲೇ ಕೂಸಿನ ಎರಡು ಹೊತ್ತಿನ ಪಾಲನ್ನು ತೆಗೆದಿಡುವುದು, ಹೋಗುವ ಮುನ್ನ, ಬಂದ ಕೂಡಲೇ, ರಾತ್ರಿ ಪೂರ್ತಿ ಎದೆಹಾಲು ಕೊಡುವುದು, ಇವು ಆಗುವ ಮಾತು. ಗ್ರಾಮ ಪಂಚಾಯಿತಿಯಲ್ಲಿ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ನಡೆಯುತ್ತಿದ್ದರೆ, ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರ ಪುಟ್ಟ ಮಕ್ಕಳಿಗೆ ಅಲ್ಲಿ ಆರೈಕೆಯೂ ಊಟವೂ ಉಂಟು, ವಿಚಾರಿಸಿ. ಕುಟುಂಬ ಬೆಂಗಳೂರಿಗೆ ಗುಳೆ ಹೋಗುವ ಸೂಚನೆಯಿದ್ದರೆ ತಾಯಿ ಕಾರ್ಡನ್ನು ಪೆಟ್ಟಿಗೆಯ ತಳದಲ್ಲಲ್ಲ, ಚೀಲದ ಮೇಲ್ಗಡೆ ಇಟ್ಟುಕೊಳ್ಳಲು ಹೇಳಿ, ಹೋದ ಊರಿನ ಅಂಗನವಾಡಿಯಲ್ಲೂ ಹೆಸರು ಬರೆಸಬಹುದೆಂದು ತಿಳಿಸಿ.

ಹೇಗೆ ಉಣಿಸುತ್ತಾರೆ ಎಂಬುದನ್ನೂ ಅದೇ ಕೂತಲ್ಲಿ ನೋಡಿಕೊಳ್ಳಿ. ಮಲಗಿಸಿ, ಮೂಗು ಹಿಡಿದು ಹುಯ್ಯುವವರಿದ್ದಾರೆ. ಮೊಬೈಲ್ ಹಿಡಿಸಿ ತುರುಕುವವರು ಈಗೀಗ ಹೆಚ್ಚು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು ನಲ್ಗೊಂಡ ಜಿಲ್ಲೆಯ 60 ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿ 2013ರಲ್ಲಿ ಪ್ರಕಟಿಸಿದರು. ಹಳ್ಳಿಯ ಹೆಣ್ಣುಮಕ್ಕಳೇ ಮನೆಗೆ ಹೋಗಿ, ಕೂಸಿನ ಹಸಿವಿನ ಸೂಚನೆ ಗುರುತಿಸಿ, ಮಾತಾಡಿಸುತ್ತ, ಆಡಿಸುತ್ತ ಉಣಿಸುವುದನ್ನು ತೋರಿಸಿಕೊಟ್ಟಾಗ ಮಕ್ಕಳ ಆಹಾರ ಸುಧಾರಿಸಿತು, ಮಾನಸಿಕ ಬೆಳವಣಿಗೆಯ ಅಂಕವೂ ಏರಿತು. ಉದ್ದದಲ್ಲಿ ಮಾತ್ರ ಅಂತರ ಬರಲಿಲ್ಲ. ಕೂಸಿಗೆ ಅದರದೇ ಬಟ್ಟಲು ಇರಲಿ ಎಂದು ನಾನು ಒತ್ತಾಯಿಸುವುದೂ ಇದಕ್ಕೇ. ದೊಡ್ಡವರ ತಾಟಿನಿಂದ ತುತ್ತು ಕೊಟ್ಟರೆ ಎಷ್ಟು ತಿಂದಿತೆಂದು ಯಾರಿಗೂ ತಿಳಿಯುವುದಿಲ್ಲ, ಕೊಟ್ಟೆವೆಂಬ ಸಮಾಧಾನ ಮಾತ್ರ ಎಲ್ಲರಿಗೂ ಇರುತ್ತದೆ.

ಔಷಧದ ವಿಷಯದಲ್ಲಿ ಕೆಲವು ಸಂಗತಿ. ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆರಡು ಸಲ ಒಂದು ಮಿ.ಲೀ. ಕಬ್ಬಿಣದ ಸಿರಪ್ ಕೊಡಬೇಕು. ಜ್ವರ, ಭೇದಿ ಇದ್ದಾಗ ತಡೆಯಬೇಕು, ತೀವ್ರ ಅಪೌಷ್ಟಿಕತೆ ಇದ್ದರೆ ವೈದ್ಯರು ಹೇಳಿದ ಮೇಲೆಯೇ ಕೊಡಬೇಕು. ಕರ್ನಾಟಕದಲ್ಲಿ ಈ ವಯಸ್ಸಿನ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಇದೆಯೆಂದು 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ, ಆದ್ದರಿಂದ ಬಾಟಲಿ ಕೊಟ್ಟು ಬಂದರೆ ಕೆಲಸ ಮುಗಿಯಿತೆಂದುಕೊಳ್ಳದೆ, ಹೋದಾಗಲೆಲ್ಲ ಬಾಟಲಿಯಲ್ಲಿ ಎಷ್ಟು ಇಳಿದಿದೆ ಎಂದು ನೋಡಿ. ಮಲ ಕಪ್ಪಾಗುವುದನ್ನು ಮೊದಲೇ ಹೇಳದಿದ್ದರೆ ಎರಡನೇ ವಾರಕ್ಕೇ ಬಾಟಲಿ ಮೂಲೆ ಸೇರುತ್ತದೆ. ಚಹ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ನಿಂಬೆರಸ ಹತ್ತಿಸುತ್ತದೆ. ಇನ್ನು, ಎಂಟನೇ ತಿಂಗಳ ಆಸುಪಾಸಿನಲ್ಲಿ ಭೇದಿಯಾಗಿತ್ತೇ ಎಂದು ಕೇಳಿ. 'ಹಲ್ಲು ಬರುವಾಗ ಆಗುವುದೇ' ಎಂದು ಬಿಟ್ಟಿರುತ್ತಾರೆ, ಊಟವನ್ನೂ ನಿಲ್ಲಿಸಿರುತ್ತಾರೆ. ಭೇದಿಗೆ ಬೇಕಾದದ್ದು ಇಷ್ಟು: ಓಆರ್‌ಎಸ್, ಹದಿನಾಲ್ಕು ದಿನ ದಿನಕ್ಕೆ 20 ಮಿ.ಗ್ರಾಂ ಜಿಂಕ್, ಎದೆಹಾಲು ಮತ್ತು ಊಟ ನಿಲ್ಲಿಸದಿರುವುದು, ವಾಸಿಯಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚಿಗೆ ಕೊಡುವುದು. ಈ ಕೊನೆಯದನ್ನು ಯಾರೂ ಮಾಡುವುದಿಲ್ಲ. ಕಳೆದುಹೋದ ತೂಕ ಮರಳುವುದು ಮಾತ್ರ ಅದರಿಂದಲೇ.

ಮನೆಯಲ್ಲಿ ಪ್ರಯತ್ನಿಸುತ್ತ ಕೂರಬಾರದ ಸಂದರ್ಭಗಳೂ ಇವೆ. ತೋಳು 11.5 ಸೆಂ.ಮೀ.ಗಿಂತ ಇಳಿದರೆ, ಎರಡೂ ಪಾದಗಳಲ್ಲಿ ಒತ್ತಿದರೆ ಗುಳಿ ಬೀಳುವ ಬಾವು ಕಂಡರೆ, ಕೂಸು ತಿನ್ನುವುದನ್ನೇ ಬಿಟ್ಟರೆ, ಮಂಕಾಗಿ ಮಲಗಿದರೆ, ಅದೇ ದಿನ ಆರೋಗ್ಯ ಉಪಕೇಂದ್ರದ ಸಿಸ್ಟರ್‌ಗೆ ತಿಳಿಸಿ ಆಸ್ಪತ್ರೆಗೆ ಕಳಿಸಿ. ಎರಡರಿಂದ ಮೂರು ವಾರ ಸರಿಯಾಗಿ ಉಣಿಸಿಯೂ ತೂಕ ಏರದಿದ್ದರೆ ವೈದ್ಯರಿಗೆ ತೋರಿಸಿ; ಕ್ಷಯ, ಮೂತ್ರದ ಸೋಂಕು, ಹೃದಯದ ತೊಂದರೆಗಳನ್ನು ಬಟ್ಟಲು ನೋಡಿ ಕಂಡುಹಿಡಿಯಲಾಗದು. ತೀವ್ರ ಅಪೌಷ್ಟಿಕತೆಯ ಮಕ್ಕಳನ್ನು ದಾಖಲಿಸಿಕೊಳ್ಳುವ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸಾಮಾನ್ಯವಾಗಿ ಹದಿನಾಲ್ಕು ದಿನ ಇರಬೇಕಾಗುತ್ತದೆ. ತಾಯಿಯ ಕೂಲಿ ನಷ್ಟಕ್ಕೆ ಪರಿಹಾರವಿದೆ, ಆದರೆ ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರು ಯಾರು ಎಂಬುದನ್ನು ಹೊರಡುವ ಮುನ್ನವೇ ಅತ್ತೆಯ ಜೊತೆ ಮಾತಾಡಿ ಗೊತ್ತುಮಾಡದಿದ್ದರೆ ಮೂರನೇ ದಿನಕ್ಕೆ ವಾಪಸು ಬರುತ್ತಾರೆ.

ಇಷ್ಟೆಲ್ಲ ಮಾಡಿದರೆ ಎಲ್ಲ ಸರಿಹೋಗುತ್ತದೆಯೇ? ಜಾರ್ಖಂಡ್ ಮತ್ತು ಒಡಿಶಾದ ಹಳ್ಳಿಗಳಲ್ಲಿ ಸ್ಥಳೀಯ ಕಾರ್ಯಕರ್ತೆಯರು ಮನೆಭೇಟಿ ಮತ್ತು ಮಹಿಳಾ ಗುಂಪುಗಳ ಸಭೆಗಳನ್ನು ನಡೆಸಿದ ದೊಡ್ಡ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು: ಮಕ್ಕಳ ಉದ್ದ ಹೆಚ್ಚಲಿಲ್ಲ, ಆದರೆ ಕಡಿಮೆ ತೂಕದ ಮಕ್ಕಳು ಕಡಿಮೆಯಾದರು, ಶಿಶುಮರಣವೂ ಇಳಿಯಿತು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಅದರ ಹಿಂದೆ ತಾಯಿಯ ರಕ್ತಹೀನತೆ, ಬೇಗ ಮದುವೆ, ಕೂಲಿ, ನೀರು, ಶೌಚ ಎಲ್ಲವೂ ಇವೆ. ಅದನ್ನೆಲ್ಲ ನಿಮ್ಮ ತಲೆಯ ಮೇಲೆ ಹೊರಿಸಿ, ಆಶಾ ಸರಿಯಾಗಿ ತಿಳಿಹೇಳಲಿಲ್ಲ ಎನ್ನುವ ಸಭೆಗಳಲ್ಲಿ ನಾನೂ ಕೂತಿದ್ದೇನೆ. ನಿಮ್ಮ ಕೈಯಲ್ಲಿರುವುದು ಬಟ್ಟಲು ಮತ್ತು ಭೇಟಿ. ಅದರಲ್ಲೂ ಒಬ್ಬರ ಮಾತಿಗಿಂತ ಹಲವರ ಒಂದೇ ಮಾತಿಗೆ ಬೆಲೆ ಹೆಚ್ಚು. ಹರಿಯಾಣದಲ್ಲಿ ಅಂಗನವಾಡಿ ಕಾರ್ಯಕರ್ತೆ, ಎಎನ್‌ಎಂ (ಉಪಕೇಂದ್ರದ ಸಿಸ್ಟರ್), ಸೂಲಗಿತ್ತಿ, ಊರಿನ ವೈದ್ಯರು ಎಲ್ಲರೂ ಎದೆಹಾಲಿನ ಬಗ್ಗೆ ಒಂದೇ ಮಾತು ಹೇಳುವಂತೆ ಮಾಡಿದಾಗ, ಮೂರನೇ ತಿಂಗಳಲ್ಲಿ ಎದೆಹಾಲು ಮಾತ್ರ ಕುಡಿಯುತ್ತಿದ್ದ ಮಕ್ಕಳು ನೂರಕ್ಕೆ 79 ಆದರು, ಹಾಗೆ ಮಾಡದ ಹಳ್ಳಿಗಳಲ್ಲಿ 48. ಆದ್ದರಿಂದ ಈ ವಾರ ಆ ಮನೆಯಲ್ಲಿ 'ತಳದ ಬೇಳೆ' ಎಂದು ತೀರ್ಮಾನವಾಗಿದ್ದರೆ ಟೀಚರ್‌ಗೂ ಸಿಸ್ಟರ್‌ಗೂ ಹೇಳಿಡಿ. ಅವರು ಬೇರೆ ಹೊಸ ಪಾಠ ತೆಗೆಯದಿರಲಿ.

ಡಬ್ಬಿಯ ಪುಡಿಯ ವಿಷಯ. ಅದರಲ್ಲಿರುವುದು ಬಹುಪಾಲು ಧಾನ್ಯ, ಹಾಲಿನ ಪುಡಿ, ಸಕ್ಕರೆ, ಮೇಲೊಂದಿಷ್ಟು ವಿಟಮಿನ್. ವಿಷವಲ್ಲ, ಆದರೆ ದುಬಾರಿಯಾದ್ದರಿಂದ ತಿಂಗಳು ಪೂರ್ತಿ ಬರಲೆಂದು ನೀರು ಹೆಚ್ಚು ಹಾಕುತ್ತಾರೆ, ಅಲ್ಲಿಗೆ ಮತ್ತೆ ತಿಳಿಸಾರೇ ಆಯಿತು. ತಂದದ್ದನ್ನು ಎಸೆಯಲು ಹೇಳಬೇಡಿ, ಅದು ಅವರ ಎರಡು ದಿನದ ಕೂಲಿ. ಗಟ್ಟಿ ಗಂಜಿಗೆ ಬೆರೆಸಿ ಮುಗಿಸಲಿ, ಮುಂದಿನ ಡಬ್ಬಿಯ ದುಡ್ಡಿನಲ್ಲಿ ಎಷ್ಟು ಶೇಂಗಾ, ಎಷ್ಟು ಹೆಸರುಬೇಳೆ ಬರುತ್ತದೆ ಎಂದು ಅತ್ತೆಯೇ ಲೆಕ್ಕ ಹಾಕಲಿ. ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರವನ್ನು ಪ್ರಚಾರ ಮಾಡುವುದನ್ನು 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸಿವೆ ಎಂಬುದು ನಿಮಗೆ ತಿಳಿದಿರಲಿ.

ಬಾಲಗ್ರಹದ ದಾರವನ್ನು ಬಿಚ್ಚಿಸಲು ಹೋಗಬೇಡಿ. ಕೂಸು ಸೊರಗುತ್ತಿದೆ ಎಂದು ಆ ಅತ್ತೆಗೆ ಗೊತ್ತಾಗಿದೆ ಎಂಬುದಕ್ಕೆ ಆ ದಾರಕ್ಕಿಂತ ದೊಡ್ಡ ಸಾಕ್ಷಿ ಬೇಡ. 'ಎಲ್ಲರೂ ತೆಳ್ಳಗೆ' ಎಂದು ನಿಮ್ಮೆದುರು ಹೇಳಿದವರೇ ಒಳಗೊಳಗೆ ಹೆದರಿ ಊರು ತಿರುಗಿದ್ದಾರೆ. ದಾರ ಎಲ್ಲಿ ಕಟ್ಟಿಸಿದಿರಿ, ಅವರು ಪಥ್ಯ ಏನು ಹೇಳಿದರು ಎಂದು ವಿಚಾರಿಸಿ. ಎಣ್ಣೆ, ಬೇಳೆ, ಮೊಟ್ಟೆ ಬಿಡಿಸಿದ್ದರೆ ಆ ಪಥ್ಯದ ಬಗ್ಗೆ ಮಾತ್ರ ಮಾತಾಡಿ. ಆಮೇಲೆ ತೋಳಿನ ಪಟ್ಟಿಯನ್ನು ಅತ್ತೆಯ ಕೈಗೇ ಕೊಟ್ಟು, ದಾರ ಕಟ್ಟಿದ ತೋಳು ಎಡದ್ದಾದರೆ ದಾರವನ್ನು ತುಸು ಮೇಲೆ ಸರಿಸಿ, ಅವರಿಂದಲೇ ಅಳೆಸಿ, ಬಣ್ಣ ಎಲ್ಲಿದೆ ಎಂದು ಅವರೇ ಹೇಳಲಿ. ಹದಿನೈದು ದಿನದ ಮೇಲೆ ಮತ್ತೆ ಅವರೇ ಅಳೆಯಲಿ. ಅಷ್ಟರಲ್ಲಿ ಆದ ತೂಕವನ್ನೂ, ಮೊದಲ ದಿನ ಕೂತು ನೋಡಿದಾಗ ಬಟ್ಟಲಿನಲ್ಲಿ ಏನಿತ್ತು ಎಂಬುದನ್ನೂ ನನಗೆ ಬರೆಯಿರಿ.